ಬಲಗಳ ಸಮತೂಕವನ್ನರಿತ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು

ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಎಷ್ಟೋ ಮನೆಗಳ ಗೋಡೆಯ ಮೇಲೆ ದೇವರ ಪಟಗಳ ಸಾಲಿನಲ್ಲಿಯೇ ಇಬ್ಬರು ಮಾನವರ ಭಾವಚಿತ್ರಗಳಿಗೂ ಸ್ಥಾನ ದೊರೆತಿದೆ. ಒಬ್ಬರು ನಾಲ್ವಡಿ ಕೃಷ್ಣರಾಜ ಒಡೆಯರು. ಇನ್ನೊಬ್ಬರು ಮೈಸೂರು ಪೇಟವನ್ನು ಧರಿಸಿದ, ಕೃಶಕಾಯರೂ ಗಂಭೀರವದನರೂ ಆದ ಸರ್ ಎಂ. ವಿಶ್ವೇಶ್ವರಯ್ಯನವರು. ರಾಗಿ, ಹುರುಳಿಗಳನ್ನು ಬೆಳೆದು ಮಳೆಯ ದಾರಿಯನ್ನು ಕಾಯುತ್ತಿದ್ದ ಬೆದ್ದಲು ನೆಲವು ಭತ್ತದ ಗದ್ದೆಯೂ ಕಬ್ಬಿನ ತೋಟವೂ ಆದ ಕಥೆಯನ್ನು ಈ ಸೀಮೆಯ ಮಕ್ಕಳು ತೊಟ್ಟಿಲಿನಲ್ಲಿಯೇ ಕೇಳಿ ಬೆಳೆಯುತ್ತಾರೆ. ಆದುದರಿಂದ ಅವರನ್ನು ಕಟ್ಟೆಯನ್ನು ಕಟ್ಟಿಸಿದ ಮಹನೀಯರೆಂದು ಅರಿಯದವರಿಲ್ಲ. ಆದರೆ ಆ ಕಟ್ಟೆಗೂ ಮೊದಲು ಅವರು ಒಂದು ಸೂಕ್ಷ್ಮವಾದ ತತ್ತ್ವವನ್ನು ಕೈವಶ ಮಾಡಿಕೊಂಡಿದ್ದರೆಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. ಒಂದಕ್ಕೊಂದು ಬಿಗಿದಿರುವ ಎರಡು ವಸ್ತುಗಳಲ್ಲಿ ಒಂದರ ಮೇಲೆ ಬಿದ್ದ ಬಲವು ಇನ್ನೊಂದನ್ನು ತಟ್ಟದೆ ಬಿಡದು. ಎರಡರ ಭಾರವನ್ನೂ ಸಮತೂಕಕ್ಕೆ ತಂದು ನಿಲ್ಲಿಸಿದರೆ ಅಲ್ಪಬಲದಿಂದಲೇ ಮಹಾಭಾರವನ್ನು ಚಲಿಸಬಹುದು. ಭೌತವಿಜ್ಞಾನದ ಪಾಠದಲ್ಲಿ ರಾಟೆ, ಹಗ್ಗ ಮತ್ತು ತೂಕದ ಬಟ್ಟುಗಳ ಚಿತ್ರವನ್ನು ಬರೆದು ವಿವರಿಸುವ ಈ ತತ್ತ್ವವೇ ಅವರ ಜೀವನದ ಉದ್ದಕ್ಕೂ ನಾನಾ ರೂಪಗಳಲ್ಲಿ ಎದುರಾಯಿತು. ಕಬ್ಬಿಣದಲ್ಲಿ ಅದನ್ನು ಅವರು ಗೆದ್ದರು. ರಾಜ್ಯಗಳ ನಡುವೆ, ಜನಸಮುದಾಯಗಳ ನಡುವೆ ಅದು ಅಷ್ಟು ಸುಲಭವಾಗಿ ಕೈಗೂಡಲಿಲ್ಲ.

ವಿಶ್ವೇಶ್ವರಯ್ಯನವರು ಜನಿಸಿದುದು 1860ರ ಸೆಪ್ಟೆಂಬರ್ 15ರಂದು, ನಂದಿಬೆಟ್ಟದ ಸಮೀಪದ ಮುದ್ದೇನಹಳ್ಳಿಯಲ್ಲಿ. ತಂದೆ ಶ್ರೀನಿವಾಸ ಶಾಸ್ತ್ರಿಗಳು, ತಾಯಿ ವೆಂಕಟಲಕ್ಷ್ಮಮ್ಮನವರು. ಪೂರ್ವಿಕರು ಆಂಧ್ರದ ಮೋಕ್ಷಗುಂಡಂ ಎಂಬ ಊರಿನಿಂದ ಬಂದವರಾದುದರಿಂದ ಆ ಊರಿನ ಹೆಸರು ಮನೆತನಕ್ಕೆ ಅಂಟಿತು. ಮನೆಯಲ್ಲಿ ವಿದ್ಯೆಯಿತ್ತು, ಸಂಪತ್ತು ಇರಲಿಲ್ಲ. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡ ಬಾಲಕನು ಚಿಕ್ಕಬಳ್ಳಾಪುರದಲ್ಲಿ ಆರಂಭದ ವಿದ್ಯಾಭ್ಯಾಸವನ್ನು ಮುಗಿಸಿ ಬೆಂಗಳೂರಿಗೆ ಬಂದು ಸೋದರಮಾವನ ಆಸರೆಯಲ್ಲಿ ಓದನ್ನು ಮುಂದುವರಿಸಿದನು. ಸೆಂಟ್ರಲ್ ಕಾಲೇಜಿನಲ್ಲಿ ಓದುತ್ತಿದ್ದಾಗ ಮಕ್ಕಳಿಗೆ ಮನೆಪಾಠ ಹೇಳಿ ಖರ್ಚನ್ನು ನಿಭಾಯಿಸಬೇಕಾಗಿತ್ತು. 1881ರಲ್ಲಿ ಬಿ.ಎ. ಪದವಿ ದೊರೆಯಿತು. ಮೈಸೂರು ಸರ್ಕಾರವು ನೀಡಿದ ವಿದ್ಯಾರ್ಥಿವೇತನದ ನೆರವಿನಿಂದ ಪೂನಾದ ವಿಜ್ಞಾನ ಕಾಲೇಜನ್ನು ಸೇರಿ, 1883ರಲ್ಲಿ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲಿಗರಾಗಿ ತೇರ್ಗಡೆ ಹೊಂದಿದರು. ಬಡ ವಿದ್ಯಾರ್ಥಿಯೊಬ್ಬನಿಗೆ ಸಕಾಲದಲ್ಲಿ ದೊರೆತ ವಿದ್ಯಾರ್ಥಿವೇತನದ ಫಲ ಎಷ್ಟು ದೂರ ಹರಿಯಬಲ್ಲದೆಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ.

1884ರಲ್ಲಿ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಎಂಜಿನಿಯರ್ ಆಗಿ ಸೇವೆಯನ್ನು ಆರಂಭಿಸಿದರು. ನಾಸಿಕ, ಖಾನದೇಶ, ಪೂನಾ ಮುಂತಾದೆಡೆಗಳಲ್ಲಿ ದುಡಿದರು. ಆ ಕಾಲದಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಸಿಂಧ್ ದೇಶದ ಸಕ್ಕರ್ ಪಟ್ಟಣಕ್ಕೆ 1895ರ ವೇಳೆಗೆ ಕುಡಿಯುವ ನೀರಿನ ವ್ಯವಸ್ಥೆಯನ್ನು ಪೂರ್ಣಗೊಳಿಸಿದರು. ಪೂನಾ ಪ್ರದೇಶದ ನೀರಾ ನಾಲೆಯ ಕೆಳಗೆ ನೀರಿನ ಹಂಚಿಕೆಯ ಸಮಸ್ಯೆ ತಲೆದೋರಿದಾಗ ಅವರು ಬ್ಲಾಕ್ ಪದ್ಧತಿಯನ್ನು ಯೋಜಿಸಿದರು. ನಾಲೆಯ ತಲೆಯಲ್ಲಿ ಇರುವವನು ಬೇಕಾದಷ್ಟು ನೀರು ಹಾಯಿಸಿಕೊಂಡು, ಬಾಲದಲ್ಲಿ ಇರುವವನು ಒಣಗುವ ಅನ್ಯಾಯವನ್ನು ತಪ್ಪಿಸುವುದು ಅದರ ಉದ್ದೇಶ. ಜಮೀನನ್ನು ಬ್ಲಾಕುಗಳಾಗಿ ವಿಂಗಡಿಸಿ, ಒಂದು ಪಾಲಿನಲ್ಲಿ ಕಬ್ಬು, ಇನ್ನೊಂದರಲ್ಲಿ ಭತ್ತ, ಮತ್ತೊಂದರಲ್ಲಿ ಅಲ್ಪ ನೀರಿನ ಬೆಳೆ ಎಂಬಂತೆ ವರ್ಷದಿಂದ ವರ್ಷಕ್ಕೆ ಬೆಳೆಗಳನ್ನು ಸರದಿಯ ಮೇಲೆ ತಿರುಗಿಸುವ ಕ್ರಮವಿದು. ಒಂದೇ ನಾಲೆಯ ನೀರನ್ನು ಉಣ್ಣುವ ರೈತರೆಲ್ಲರೂ ಒಂದೇ ಹಗ್ಗಕ್ಕೆ ಬಿಗಿಯಲ್ಪಟ್ಟವರೆಂಬ ಅರಿವು ಇದರ ಹಿಂದೆ ಇತ್ತು.

ಈ ಹಗ್ಗದ ಮಾತು ಬರಿಯ ಉಪಮೆಯಲ್ಲ. ಹಿಂದಿನ ಕಾಲದ ರೈತರು ಬಾವಿಯ ನೀರನ್ನು ಏತದಿಂದಲೋ ಕಪಿಲೆಯಿಂದಲೋ ಎತ್ತುತ್ತಿದ್ದರು. ಏತದ ಮರದ ಒಂದು ತುದಿಗೆ ನೀರಿನ ಪಾತ್ರೆ, ಇನ್ನೊಂದು ತುದಿಗೆ ಕಟ್ಟಿದ ಕಲ್ಲು. ಕಲ್ಲಿನ ಭಾರವು ನೀರಿನ ಭಾರವನ್ನು ಬಹುಪಾಲು ಸರಿದೂಗಿಸುವುದರಿಂದ ಮನುಷ್ಯನು ಮಿಕ್ಕ ಅಲ್ಪಭಾಗಕ್ಕೆ ಮಾತ್ರ ಶಕ್ತಿಯನ್ನು ವ್ಯಯಿಸಿದರೆ ಸಾಕು. ಕಪಿಲೆಯಲ್ಲಿ ಎತ್ತುಗಳು ಇಳಿಜಾರಿನಲ್ಲಿ ನಡೆದಂತೆ ರಾಟೆಯ ಮೇಲೆ ಹಾದ ಹಗ್ಗವು ತೊಗಲಿನ ಬಾನಿಯನ್ನು ಮೇಲಕ್ಕೆ ಸೆಳೆಯುತ್ತದೆ. ಎತ್ತುಗಳು ಹೆಜ್ಜೆ ಕಿತ್ತ ಮೊದಲ ಕ್ಷಣದಲ್ಲಿ ಹಗ್ಗದ ಬಿಗಿತವು ಬಾನಿಯ ತೂಕಕ್ಕಿಂತ ಹೆಚ್ಚಾಗಿರುತ್ತದೆ. ನಡೆ ಒಂದೇ ಸಮನಾದ ಮೇಲೆ ಬಿಗಿತವು ತೂಕಕ್ಕೆ ಸಮನಾಗುತ್ತದೆ. ಹಳೆಯ ಹಗ್ಗ ಸಾಮಾನ್ಯವಾಗಿ ಹರಿಯುವುದು ಆ ಮೊದಲ ಜಗ್ಗಿನಲ್ಲಿಯೇ ಎಂಬುದನ್ನು ರೈತನು ಅನುಭವದಿಂದ ಬಲ್ಲನು. ನ್ಯೂಟನ್ ಮಹಾಶಯನ ನಿಯಮಗಳನ್ನು ಓದದೆಯೇ ಈ ನಾಡಿನ ಒಕ್ಕಲಿಗನು ಬಲ, ಬಿಗಿತ ಮತ್ತು ವೇಗೋತ್ಕರ್ಷಗಳ ಸಂಬಂಧವನ್ನು ಕೈಯಲ್ಲಿ ಅರಿತಿದ್ದನು. ವಿಶ್ವೇಶ್ವರಯ್ಯನವರು ಅದೇ ಅರಿವನ್ನು ಲೆಕ್ಕಕ್ಕೆ ಒಳಪಡಿಸಿ ಕಬ್ಬಿಣದಲ್ಲಿ ಎರಕ ಹೊಯ್ದರು.

ಅದಕ್ಕೆ ಅವಕಾಶ ಒದಗಿದುದು ಪೂನಾ ನಗರಕ್ಕೆ ನೀರೊದಗಿಸುವ ಖಡಕವಾಸಲಾ ಜಲಾಶಯದಲ್ಲಿ. ಫೈಫ್ ಸರೋವರವೆಂದು ಆಗ ಹೆಸರಾಗಿದ್ದ ಆ ಜಲಾಶಯವು ಮಳೆಗಾಲದಲ್ಲಿ ತುಂಬಿ ಕೋಡಿ ಹರಿದು, ಬೇಸಿಗೆಯಲ್ಲಿ ನೀರಿನ ಕೊರತೆಯನ್ನು ಉಂಟುಮಾಡುತ್ತಿತ್ತು. ಕೋಡಿಯನ್ನು ಕಲ್ಲುಗಾರೆಯಿಂದ ಎತ್ತರಿಸಿದರೆ ಹೆಚ್ಚು ನೀರು ನಿಲ್ಲುವುದು ನಿಜ. ಆದರೆ ಮಹಾಪ್ರವಾಹ ಬಂದಾಗ ನೀರಿಗೆ ಹೊರಹೋಗಲು ದಾರಿಯಿಲ್ಲದೆ ಕಟ್ಟೆಯೇ ಅಪಾಯಕ್ಕೆ ಸಿಲುಕುವುದೂ ನಿಜ. ಬಾಗಿಲುಗಳನ್ನು ಇಟ್ಟು ಆಳುಗಳಿಂದ ತೆರೆಸೋಣವೆಂದರೆ, ಕಗ್ಗತ್ತಲೆಯ ಮಳೆಯ ರಾತ್ರಿಯಲ್ಲಿ ಪ್ರವಾಹ ಏರಿದಾಗ ಆಳುಗಳು ಸಕಾಲಕ್ಕೆ ಬಾರದಿದ್ದರೆ ಗತಿಯೇನು? ಈ ಸಂದಿಗ್ಧಕ್ಕೆ ಉತ್ತರವಾಗಿ ಅವರು ತಾವಾಗಿಯೇ ತೆರೆದು ತಾವಾಗಿಯೇ ಮುಚ್ಚಿಕೊಳ್ಳುವ ಬಾಗಿಲುಗಳನ್ನು ರೂಪಿಸಿದರು. ನೀರು ಏರಿದುದನ್ನು ನೀರೇ ಬಾಗಿಲಿಗೆ ತಿಳಿಸಬೇಕು, ಬಾಗಿಲನ್ನು ತೆರೆಯುವ ಕೆಲಸವನ್ನೂ ನೀರೇ ಮಾಡಬೇಕು ಎಂಬುದು ಅವರ ಯೋಜನೆಯ ತಿರುಳು. 1903ರಲ್ಲಿ ಖಡಕವಾಸಲಾದ ಕೋಡಿಯ ಮೇಲೆ ಇವುಗಳ ಸ್ಥಾಪನೆಯಾಗಿ, ನೀರಿನ ಮಟ್ಟವನ್ನು 8 ಅಡಿಗಳಷ್ಟು ಏರಿಸಲು ಸಾಧ್ಯವಾಯಿತು. ಈ ಬಾಗಿಲುಗಳಿಗೆ ಅವರು ಪೇಟೆಂಟ್ ಹಕ್ಕನ್ನೂ ಪಡೆದರು. ಮುಂದೆ ಗ್ವಾಲಿಯರ್ ಸಂಸ್ಥಾನದ ತಿಗ್ರಾ ಕಟ್ಟೆಯಲ್ಲಿಯೂ, ಅನಂತರ ಕನ್ನಂಬಾಡಿಯಲ್ಲಿಯೂ ಅದೇ ತತ್ತ್ವದ ಬಾಗಿಲುಗಳು ಬಂದವು.

ಆ ತತ್ತ್ವವನ್ನು ಪ್ರೌಢಶಾಲೆಯ ವಿದ್ಯಾರ್ಥಿಯೂ ಗ್ರಹಿಸಬಹುದು. ಬಾಗಿಲನ್ನೂ ಒಂದು ಎದುರುಭಾರವನ್ನೂ ರಾಟೆಯ ಮೇಲೆ ಹಾದ ಬಂಧದಿಂದ ಜೋಡಿಸಲಾಗಿದೆ. ಎದುರುಭಾರವು ಒಂದು ತೊಟ್ಟಿಯೊಳಗೆ ತೂಗುತ್ತಿದೆ. ಜಲಾಶಯದ ನೀರು ನಿಗದಿಯಾದ ಮಟ್ಟವನ್ನು ಮೀರದಿರುವವರೆಗೆ ತೊಟ್ಟಿ ಬರಿದಾಗಿರುತ್ತದೆ, ಎರಡೂ ಭಾರಗಳು ಸಮತೂಕದಲ್ಲಿ ನಿಂತಿರುತ್ತವೆ. ಮಟ್ಟ ಮೀರಿದೊಡನೆ ನೀರು ತೊಟ್ಟಿಗೆ ನುಗ್ಗುತ್ತದೆ. ನೀರಿನಲ್ಲಿ ಮುಳುಗಿದ ವಸ್ತುವಿನ ತೂಕವು, ಅದು ಸರಿಸಿದ ನೀರಿನ ತೂಕದಷ್ಟು ಕಡಿಮೆಯಾಗಿ ತೋರುವುದೆಂಬ ಆರ್ಕಿಮಿಡೀಸನ ತತ್ತ್ವಕ್ಕೆ ಅನುಸಾರವಾಗಿ ಎದುರುಭಾರವು ಹಗುರಾಗುತ್ತದೆ. ಸಮತೂಕ ತಪ್ಪುತ್ತದೆ, ಬಾಗಿಲು ಚಲಿಸುತ್ತದೆ, ಹೆಚ್ಚುವರಿ ನೀರು ಹೊರಗೆ ಧುಮುಕುತ್ತದೆ. ಪ್ರವಾಹ ತಗ್ಗಿದ ಮೇಲೆ ತೊಟ್ಟಿಯ ನೀರು ಬಸಿದುಹೋಗಿ ಎದುರುಭಾರವು ತನ್ನ ಮೊದಲಿನ ತೂಕವನ್ನು ಮರಳಿ ಪಡೆಯುತ್ತದೆ, ಬಾಗಿಲು ಮುಚ್ಚಿಕೊಳ್ಳುತ್ತದೆ.

ಲೆಕ್ಕದ ಅನುಕೂಲಕ್ಕಾಗಿ ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳಬಹುದು. ಬಾಗಿಲಿನ ದ್ರವ್ಯರಾಶಿ 1,000 ಕಿಲೋಗ್ರಾಂ, ಎದುರುಭಾರದ್ದೂ 1,000 ಕಿಲೋಗ್ರಾಂ ಆಗಿರಲಿ. ಘರ್ಷಣೆಯನ್ನು ಸದ್ಯಕ್ಕೆ ಬದಿಗಿಡೋಣ. ತೊಟ್ಟಿ ಬರಿದಾಗಿದ್ದಾಗ ಹಗ್ಗದ ಬಿಗಿತವು 1,000 ಕಿಲೋಗ್ರಾಂ ತೂಕಕ್ಕೆ ಸಮ, ಚಲನೆಯಿಲ್ಲ. ತೊಟ್ಟಿಗೆ ನೀರು ಬಂದು ಎದುರುಭಾರವು 100 ಲೀಟರು ನೀರನ್ನು ಸರಿಸಿತೆಂದರೆ ಅದರ ತೂಕವು 100 ಕಿಲೋಗ್ರಾಮಿನಷ್ಟು ಕುಗ್ಗುತ್ತದೆ. ಈಗ 100 ಕಿಲೋಗ್ರಾಂ ತೂಕದ ಬಲವು 2,000 ಕಿಲೋಗ್ರಾಮಿನ ಒಟ್ಟು ರಾಶಿಯನ್ನು ಚಲಿಸಬೇಕಾಗಿದೆ. ಆದುದರಿಂದ ವೇಗೋತ್ಕರ್ಷವು ಗುರುತ್ವ ವೇಗೋತ್ಕರ್ಷದ 20ರಲ್ಲಿ ಒಂದು ಪಾಲು, ಎಂದರೆ ಸೆಕೆಂಡಿಗೆ ಸೆಕೆಂಡಿಗೆ ಸುಮಾರು 0.49 ಮೀಟರ್. ಹಗ್ಗದ ಬಿಗಿತವು ಒಂದು ಕಡೆಯ 1,000 ಕಿಲೋಗ್ರಾಮೂ ಅಲ್ಲ, ಇನ್ನೊಂದು ಕಡೆಯ 900 ಕಿಲೋಗ್ರಾಮೂ ಅಲ್ಲ. ಎರಡರ ನಡುವಿನ 950 ಕಿಲೋಗ್ರಾಂ ತೂಕ. ಹಗ್ಗಕ್ಕೆ ತನ್ನದೆಂಬ ಪಕ್ಷವಿಲ್ಲ. ಅದು ಎರಡು ತುದಿಗಳನ್ನೂ ಒಂದೇ ಬಿಗಿತದಿಂದ ಸೆಳೆಯುತ್ತದೆ, ಎರಡನ್ನೂ ಒಂದೇ ವೇಗೋತ್ಕರ್ಷದಲ್ಲಿ ನಡೆಸುತ್ತದೆ. ನೀರಿನ ಒತ್ತಡವು ಬಾಗಿಲನ್ನು ಅದರ ಚೌಕಟ್ಟಿಗೆ ಒತ್ತಿ ಹಿಡಿಯುವುದರಿಂದ ವಾಸ್ತವದಲ್ಲಿ ಘರ್ಷಣೆಯೇ ಎಂಜಿನಿಯರನ ದೊಡ್ಡ ಎದುರಾಳಿ. ಮಿಕ್ಕ ಭಾರವನ್ನೆಲ್ಲ ಸಮತೂಕದಲ್ಲಿ ನಿಲ್ಲಿಸಿ, ಘರ್ಷಣೆಯೊಂದನ್ನೇ ಗೆಲ್ಲಲು ಬೇಕಾದಷ್ಟು ಬಲವನ್ನು ನೀರಿನಿಂದಲೇ ಪಡೆದುದರಲ್ಲಿ ಅವರ ಜಾಣ್ಮೆಯಿದೆ.

ಮುಂಬಯಿ ಸರ್ಕಾರದ ಸೇವೆಯಲ್ಲಿ ಕೀರ್ತಿ ಬೆಳೆದರೂ ಭಾರತೀಯನೊಬ್ಬನು ಇಲಾಖೆಯ ಶಿಖರಕ್ಕೆ ಏರುವ ಸಂಭವ ಆ ಕಾಲದಲ್ಲಿ ವಿರಳವಾಗಿತ್ತು. ಅವರು ಸ್ವಇಚ್ಛೆಯಿಂದ ನಿವೃತ್ತಿಯನ್ನು ಬಯಸಿ ಸೇವೆಯಿಂದ ಹೊರಬಂದರು. 1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿಯ ಪ್ರವಾಹದಿಂದ ಹೈದರಾಬಾದ್ ನಗರವು ಧ್ವಂಸವಾದಾಗ ನಿಜಾಮ ಸರ್ಕಾರವು ಅವರನ್ನು ಕರೆಸಿಕೊಂಡಿತು. ಅಲ್ಲಿ ಪ್ರವಾಹ ನಿಯಂತ್ರಣದ ಯೋಜನೆಯನ್ನು ಸಿದ್ಧಪಡಿಸುತ್ತಿದ್ದಾಗಲೇ ಮೈಸೂರಿನಿಂದ ಆಹ್ವಾನ ಬಂದಿತು. 1909ರ ನವೆಂಬರಿನಲ್ಲಿ ಅವರು ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ಪದವಿಯನ್ನು ವಹಿಸಿಕೊಂಡರು. ಹೊರನಾಡಿನಲ್ಲಿ ಕಾಲು ಶತಮಾನ ದುಡಿದು ಗಳಿಸಿದ ಅನುಭವವು ಹೀಗೆ ತಾಯ್ನಾಡಿಗೆ ಬಂದು ಸೇರಿತು.

ಆಗ ಅವರ ಮುಂದಿದ್ದ ಮುಖ್ಯ ಸಮಸ್ಯೆಯ ಒಂದು ತುದಿ ಮಳವಳ್ಳಿ ತಾಲ್ಲೂಕಿನಲ್ಲಿಯೇ ಇತ್ತು. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ದೂರದೃಷ್ಟಿಯ ಫಲವಾಗಿ 1902ರಲ್ಲಿ ಶಿವನಸಮುದ್ರದ ಜಲಪಾತದ ಬಳಿ ವಿದ್ಯುತ್ತಿನ ಉತ್ಪಾದನೆ ಪ್ರಾರಂಭವಾಗಿ, ಅದು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿಯುತ್ತಿತ್ತು. 1905ರಲ್ಲಿ ಬೆಂಗಳೂರಿಗೂ ಅದರ ಬೆಳಕು ತಲುಪಿತು. ಆದರೆ ಬೇಸಿಗೆಯಲ್ಲಿ ಕಾವೇರಿ ಸೊರಗಿದಾಗ ಯಂತ್ರಗಳೂ ಸೊರಗುತ್ತಿದ್ದವು. ಗಣಿಗಳಿಗೆ ಒಪ್ಪಿಕೊಂಡಷ್ಟು ವಿದ್ಯುತ್ತನ್ನು ಒದಗಿಸುವುದು ಕಷ್ಟವಾಗುತ್ತಿತ್ತು. ಮಳೆಗಾಲದ ನೀರನ್ನು ಮೇಲ್ಗಡೆ ಹಿಡಿದಿಟ್ಟು ವರ್ಷವಿಡೀ ಸಮನಾಗಿ ಬಿಡುವುದೊಂದೇ ದಾರಿ. ಅದಕ್ಕಾಗಿ ಆಯ್ಕೆಯಾದುದು ಕಾವೇರಿಯು ಹೇಮಾವತಿ, ಲಕ್ಷ್ಮಣತೀರ್ಥಗಳನ್ನು ಕೂಡಿಕೊಂಡು ಬರುವ ಕನ್ನಂಬಾಡಿ. ಅಲ್ಲಿ ಕಟ್ಟೆ ಎದ್ದರೆ ವಿದ್ಯುತ್ತಿಗೆ ನೀರು ಸಿಗುವುದಲ್ಲದೆ ಮಂಡ್ಯದ ಕಡೆಯ ಒಣನೆಲಕ್ಕೂ ನಾಲೆಯನ್ನು ತರಬಹುದೆಂದು ಅವರು ಲೆಕ್ಕ ಹಾಕಿದರು. ಇಷ್ಟು ದೊಡ್ಡ ವೆಚ್ಚವನ್ನು ಸಂಸ್ಥಾನವು ಭರಿಸಬಲ್ಲದೆ ಎಂಬ ಶಂಕೆ ಸರ್ಕಾರದೊಳಗೇ ಪ್ರಬಲವಾಗಿತ್ತು. ಕೊನೆಗೆ ನಾಲ್ವಡಿ ಕೃಷ್ಣರಾಜ ಒಡೆಯರು ಒಪ್ಪಿಗೆಯಿತ್ತರು. 1911ರಲ್ಲಿ ಕಾಮಗಾರಿ ಆರಂಭವಾಯಿತು.

ನದಿಯೆಂಬುದು ಮೇಲಿನವರನ್ನೂ ಕೆಳಗಿನವರನ್ನೂ ಕಟ್ಟಿಹಾಕಿದ ಹಗ್ಗ. ಕನ್ನಂಬಾಡಿಯಲ್ಲಿ ತುಸು ಜಗ್ಗಿದರೆ ತಂಜಾವೂರಿನ ಗದ್ದೆಗೆ ಅದು ತಿಳಿಯುತ್ತದೆ. ಮೈಸೂರು 41.5 ಟಿ.ಎಂ.ಸಿ. ಅಡಿ ನೀರಿನ ಜಲಾಶಯವನ್ನು ಬಯಸಿದರೆ ಮದರಾಸು ಸರ್ಕಾರವು 11 ಟಿ.ಎಂ.ಸಿ. ಅಡಿಗಳಿಗೆ ಮಾತ್ರ ಸಮ್ಮತಿಸಿತು. ಶತಮಾನಗಳಿಂದ ಕಾವೇರಿಯ ನೀರನ್ನು ನಂಬಿ ಬೇಸಾಯ ಮಾಡಿಕೊಂಡು ಬಂದ ಕೆಳಗಿನ ರೈತರ ಭಯವು ನಿರಾಧಾರವಾದುದೇನೂ ಆಗಿರಲಿಲ್ಲ. ತನ್ನ ನೆಲದಲ್ಲಿ ಹರಿಯುವ ನದಿಯನ್ನು ಬಳಸಿಕೊಳ್ಳಬೇಕೆಂಬ ಮೈಸೂರಿನ ಹಂಬಲವೂ ಅನ್ಯಾಯವಾಗಿರಲಿಲ್ಲ. ವಿಶ್ವೇಶ್ವರಯ್ಯನವರು ಕಟ್ಟೆಯನ್ನು ಒಪ್ಪಿಗೆ ದೊರೆತ ಎತ್ತರಕ್ಕೆ ಮಿತಗೊಳಿಸಿದರೂ ತಳಪಾಯವನ್ನು ಮಾತ್ರ ಪೂರ್ಣ ಎತ್ತರದ ಭಾರವನ್ನು ಹೊರುವಂತೆ ಅಗಲವಾಗಿ ಹಾಕಿಸಿದರು. ಮದರಾಸು ಇದನ್ನು ಆಕ್ಷೇಪಿಸಿತು. ವಿವಾದವು ಮಧ್ಯಸ್ಥಿಕೆಗೆ ಹೋಗಿ 1914ರಲ್ಲಿ ತೀರ್ಪಾಯಿತು; ಆ ತೀರ್ಪಿನ ಮೇಲೂ ಮೇಲ್ಮನವಿ ಹೋಯಿತು. ಅಂತಿಮವಾಗಿ 1924ರ ಫೆಬ್ರವರಿಯಲ್ಲಿ ಎರಡೂ ಸರ್ಕಾರಗಳು ಒಪ್ಪಂದಕ್ಕೆ ಬಂದವು. ಮೈಸೂರಿಗೆ ಕನ್ನಂಬಾಡಿಯಲ್ಲಿ 44.8 ಟಿ.ಎಂ.ಸಿ. ಅಡಿಗಳ ಜಲಾಶಯವೂ ಅದರ ಕೆಳಗೆ 1,25,000 ಎಕರೆಗಳ ಹೊಸ ನೀರಾವರಿಯೂ ಲಭಿಸಿದವು. ಮದರಾಸು ತನ್ನ ಕಡೆ ಮೆಟ್ಟೂರಿನಲ್ಲಿ ಮಹಾಜಲಾಶಯವನ್ನು ಕಟ್ಟಿ 1934ರಲ್ಲಿ ಮುಗಿಸಿತು. ಒಂದು ಭಾರಕ್ಕೆ ಎದುರಾಗಿ ಇನ್ನೊಂದು ಭಾರ ನಿಂತಿತು.

ಕನ್ನಂಬಾಡಿಯ ಕಟ್ಟೆಯನ್ನು ಕಟ್ಟಲು ಸಿಮೆಂಟಿನ ಬದಲು ಸುಣ್ಣ ಮತ್ತು ಇಟ್ಟಿಗೆಪುಡಿಗಳ ಸುರ್ಕಿ ಗಾರೆಯನ್ನು ಬಳಸಲಾಯಿತು. ಸಾವಿರಾರು ಕೂಲಿಗಾರರು ವರ್ಷಾನುವರ್ಷ ದುಡಿದರು. ಹಲವು ಎಂಜಿನಿಯರುಗಳು ಒಬ್ಬರ ಅನಂತರ ಒಬ್ಬರು ಹೊಣೆ ಹೊತ್ತರು. 1930ರ ದಶಕದ ಆರಂಭದಲ್ಲಿ ಪೂರ್ಣಗೊಂಡ ಕಟ್ಟೆಯ ಉದ್ದ ಸುಮಾರು 8,600 ಅಡಿ. ಜಲಾಶಯದ ಗರಿಷ್ಠ ಮಟ್ಟವಾದ 124.80 ಅಡಿ ಎಂಬ ಅಂಕಿಯು ಈ ಜಿಲ್ಲೆಯ ರೈತರ ಬಾಯಲ್ಲಿ ಮಂತ್ರದಂತೆ ನೆಲೆಗೊಂಡಿದೆ. ಈ ಸೌಭಾಗ್ಯದ ಇನ್ನೊಂದು ತುದಿಯನ್ನು ಮರೆಯುವುದು ಕೃತಘ್ನತೆಯಾದೀತು. ಕನ್ನಂಬಾಡಿಯೇ ಮೊದಲಾದ ಹಳ್ಳಿಗಳು ನೀರಿನಲ್ಲಿ ಮುಳುಗಿದವು. ಅಲ್ಲಿನ ಜನ ಮನೆ, ಹೊಲ, ಹಿರಿಯರ ಸಮಾಧಿಗಳನ್ನು ಬಿಟ್ಟು ಬೇರೆಡೆ ಹೋದರು. ಮುಳುಗಿದ ಹೊಯ್ಸಳರ ಕಾಲದ ವೇಣುಗೋಪಾಲಸ್ವಾಮಿ ದೇವಾಲಯವನ್ನು ಬಹುಕಾಲದ ಅನಂತರ ಕಳಚಿ ತಂದು ಹೊಸ ಕನ್ನಂಬಾಡಿಯಲ್ಲಿ ಮತ್ತೆ ನಿಲ್ಲಿಸಲಾಗಿದೆ. ಒಂದೆಡೆ ಗದ್ದೆ ಮೇಲೆದ್ದುದು ಇನ್ನೊಂದೆಡೆ ಊರು ಕೆಳಗಿಳಿದುದರ ಫಲವಾಗಿಯೇ.

ಕಟ್ಟೆಯ ಕೆಲಸ ಸಾಗಿರುವಾಗಲೇ, 1912ರಲ್ಲಿ, ವಿಶ್ವೇಶ್ವರಯ್ಯನವರು ಮೈಸೂರಿನ ದಿವಾನರಾಗಿ ನೇಮಕಗೊಂಡರು. ಅವರ ಕಾಲದಲ್ಲಿ 1913ರಲ್ಲಿ ಮೈಸೂರು ಬ್ಯಾಂಕು, 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ, 1917ರಲ್ಲಿ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು ತಲೆಯೆತ್ತಿದವು. ಕಡ್ಡಾಯ ಪ್ರಾಥಮಿಕ ಶಿಕ್ಷಣಕ್ಕೆ ಅವಕಾಶ ಕಲ್ಪಿಸುವ ಕಾಯಿದೆಯು 1913ರಲ್ಲಿ ಜಾರಿಗೆ ಬಂದಿತು. 1915ರಲ್ಲಿ ಬ್ರಿಟಿಷ್ ಸರ್ಕಾರವು ಅವರಿಗೆ ಸರ್ ಪದವಿಯನ್ನು ನೀಡಿತು.

ಆದರೆ ವಿದ್ಯೆಯ ಫಲವು ಸಮಾಜದ ಎಲ್ಲ ವರ್ಗಗಳಿಗೂ ಸಮನಾಗಿ ದೊರೆತಿರಲಿಲ್ಲ. ಸರ್ಕಾರಿ ಉದ್ಯೋಗಗಳು ಬಹುಪಾಲು ಒಂದೇ ಸಮುದಾಯದ ಕೈಯಲ್ಲಿದ್ದುವೆಂಬ ಅಸಮಾಧಾನವು ಒಕ್ಕಲಿಗರು, ಲಿಂಗಾಯತರು, ಮುಸಲ್ಮಾನರು ಮೊದಲಾದವರಲ್ಲಿ ಬೆಳೆದು, 1917ರಲ್ಲಿ ಪ್ರಜಾಮಿತ್ರ ಮಂಡಲಿಯ ಸ್ಥಾಪನೆಯಾಯಿತು. ಈ ಅಹವಾಲನ್ನು ಮನಗಂಡ ಮಹಾರಾಜರು 1918ರಲ್ಲಿ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ರಚಿಸಿದರು. ಯೋಗ್ಯತೆಯೊಂದೇ ಉದ್ಯೋಗಕ್ಕೆ ಮಾನದಂಡವಾಗಬೇಕು, ವಿದ್ಯೆಯನ್ನು ವಿಸ್ತರಿಸಿದರೆ ಕಾಲಕ್ರಮದಲ್ಲಿ ಎಲ್ಲರೂ ಸಮನಾಗುವರು ಎಂಬುದು ದಿವಾನರ ಅಚಲವಾದ ನಂಬಿಕೆಯಾಗಿತ್ತು. ವಿದ್ಯೆಯ ಬಾಗಿಲನ್ನು ತಡವಾಗಿ ಕಂಡವರಿಗೆ ಆ ಕಾಲಕ್ರಮವು ತಲೆಮಾರುಗಳ ಕಾಯುವಿಕೆಯಾಗಿ ತೋರಿದುದು ಸಹಜ. ಒಂದು ಕಡೆ ಹೆಚ್ಚು ಭಾರವೂ ಇನ್ನೊಂದು ಕಡೆ ಕಡಿಮೆ ಭಾರವೂ ಇದ್ದಾಗ ಹಗ್ಗವು ತಾನಾಗಿ ಸಮತೂಕಕ್ಕೆ ಬರುವುದಿಲ್ಲ. ಹಗುರವಾದ ಕಡೆಗೆ ಯಾರಾದರೂ ಭಾರವನ್ನು ಸೇರಿಸಲೇಬೇಕು. ಕಬ್ಬಿಣದ ಬಾಗಿಲಿನಲ್ಲಿ ಇದನ್ನು ಎಲ್ಲರಿಗಿಂತ ಚೆನ್ನಾಗಿ ಅರಿತಿದ್ದ ಮಹನೀಯರು ಮಾನವ ಸಮಾಜದಲ್ಲಿ ಅದೇ ಉಪಾಯವನ್ನು ಒಪ್ಪದೆ ಹೋದರು. 1918ರ ಕೊನೆಯಲ್ಲಿ ಅವರು ದಿವಾನಗಿರಿಯಿಂದ ನಿವೃತ್ತರಾದರು. 1919ರಲ್ಲಿ ಸಮಿತಿಯು ತನ್ನ ವರದಿಯನ್ನು ಒಪ್ಪಿಸಿತು. ಹಿಂದುಳಿದ ವರ್ಗಗಳಿಗೆ ವಿದ್ಯಾರ್ಥಿವೇತನ ಮತ್ತು ಉದ್ಯೋಗಗಳಲ್ಲಿ ಅವಕಾಶಗಳು ತೆರೆದವು. ಹಳೆಯ ಮೈಸೂರಿನ ಮಠಗಳೂ ದಾನಿಗಳೂ ಕಟ್ಟಿದ ಉಚಿತ ವಿದ್ಯಾರ್ಥಿನಿಲಯಗಳು ಹಗುರವಾದ ಕಡೆಗೆ ತಮ್ಮ ಪಾಲಿನ ಭಾರವನ್ನು ಸೇರಿಸಿದವು. ಎಲ್ಲರಿಗೂ ವಿದ್ಯೆ ದೊರೆಯಬೇಕೆಂಬ ವಿಶ್ವೇಶ್ವರಯ್ಯನವರ ಕನಸು ನನಸಾಗಲು ಅವರು ಒಪ್ಪದಿದ್ದ ಮಾರ್ಗವೂ ನೆರವಾಯಿತೆಂಬುದು ಇತಿಹಾಸದ ಸತ್ಯ. ಇದರಿಂದ ಅವರ ಹಿರಿಮೆಗೆ ಕುಂದಿಲ್ಲ. ತಮ್ಮ ನಂಬಿಕೆಗಾಗಿ ಅಧಿಕಾರವನ್ನು ತೊರೆದವರು ಅವರು.

ಅವರು ಹುದ್ದೆಯಲ್ಲಿ ಇಲ್ಲದಿದ್ದರೂ ಅವರ ಯೋಜನೆ ಮುಂದುವರಿಯಿತು. ಸರ್ ಮಿರ್ಜಾ ಇಸ್ಮಾಯಿಲ್ ಅವರು ದಿವಾನರಾಗಿದ್ದ ಕಾಲದಲ್ಲಿ ಕನ್ನಂಬಾಡಿಯಿಂದ ಎಡದಂಡೆಯ ಮಹಾನಾಲೆಯ ನಿರ್ಮಾಣವಾಗಿ, ಅಂದಿನ ವೈಸರಾಯ್ ಲಾರ್ಡ್ ಇರ್ವಿನ್ ಅವರ ಹೆಸರನ್ನು ಪಡೆಯಿತು. ಮಂಡ್ಯದ ಬಯಲಿಗೂ ನದಿಗೂ ನಡುವೆ ಗುಡ್ಡದ ಸಾಲು ಅಡ್ಡವಾಗಿತ್ತು. ಹುಲಿಕೆರೆಯ ಬಳಿ ಎರಡೂವರೆ ಕಿಲೋಮೀಟರಿಗೂ ಹೆಚ್ಚು ಉದ್ದದ ಸುರಂಗವನ್ನು ಕೊರೆದು ನೀರನ್ನು ಆಚೆಗೆ ದಾಟಿಸಲಾಯಿತು. ಅಲ್ಲಿಂದ ನಾಲೆಯು ಕವಲೊಡೆದು ಮಂಡ್ಯ, ಮದ್ದೂರು, ಮಳವಳ್ಳಿಗಳ ಹೊಲಗಳಿಗೆ ಇಳಿಯಿತು. ನೀರಾ ನಾಲೆಗಾಗಿ ರೂಪುಗೊಂಡಿದ್ದ ಬ್ಲಾಕ್ ಪದ್ಧತಿಯನ್ನು ಈ ಬಯಲಿಗೂ ಅನ್ವಯಿಸಲಾಯಿತು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪೆನಿ ಸ್ಥಾಪನೆಯಾಯಿತು. ಆಲೆಮನೆಯ ಬೆಲ್ಲದ ಜೊತೆಗೆ ಕಾರ್ಖಾನೆಯ ಸಕ್ಕರೆಯೂ ಊರಿಗೆ ಹೆಸರು ತಂದಿತು. 1939ರ ಜುಲೈ 1ರಂದು ಮೈಸೂರು ಜಿಲ್ಲೆಯಿಂದ ಬೇರ್ಪಟ್ಟು ಮಂಡ್ಯ ಜಿಲ್ಲೆ ಉದಯಿಸಿತು. ಒಂದು ನಾಲೆಯ ನೀರು ಒಂದು ಜಿಲ್ಲೆಗೆ ಜನ್ಮವಿತ್ತಿತೆಂದರೆ ಅತಿಶಯೋಕ್ತಿಯಲ್ಲ. ಇರ್ವಿನ್ ನಾಲೆಯು ಮುಂದೆ ವಿಶ್ವೇಶ್ವರಯ್ಯ ನಾಲೆಯಾಯಿತು. ಜನರ ಬಾಯಲ್ಲಿ ಅದು ವಿ.ಸಿ. ನಾಲೆ.

ನಿವೃತ್ತಿಯೆಂಬುದು ಅವರ ಪಾಲಿಗೆ ವಿಶ್ರಾಂತಿಯಾಗಿರಲಿಲ್ಲ. 1923ರಿಂದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಆಡಳಿತ ಮಂಡಲಿಯ ಅಧ್ಯಕ್ಷರಾಗಿ, ನಷ್ಟದಲ್ಲಿದ್ದ ಆ ಉದ್ಯಮವನ್ನು ದಾರಿಗೆ ತಂದರು. ಆ ಸೇವೆಗಾಗಿ ತಮಗೆ ಸಲ್ಲಬೇಕಾಗಿದ್ದ ಸಂಭಾವನೆಯನ್ನು ಸ್ವಂತಕ್ಕೆ ಬಳಸದೆ, ಯುವಕರಿಗೆ ಕುಶಲ ವೃತ್ತಿಗಳನ್ನು ಕಲಿಸುವ ಸಂಸ್ಥೆಗೆ ವಿನಿಯೋಗಿಸುವಂತೆ ಮಾಡಿದರು. ಬೆಂಗಳೂರಿನಲ್ಲಿ ತಲೆಯೆತ್ತಿದ ಆ ಸಂಸ್ಥೆಗೆ ತಮ್ಮ ಹೆಸರಿನ ಬದಲು ಜಯಚಾಮರಾಜೇಂದ್ರ ಒಡೆಯರ ಹೆಸರು ಬಂದಿತು. ದಾನವು ದಾನಿಯ ಹೆಸರನ್ನು ಬೇಡದೆಯೂ ಬೆಳಗಬಲ್ಲದೆಂಬುದಕ್ಕೆ ಅದು ಸಾಕ್ಷಿ. 1934ರಲ್ಲಿ ಭಾರತದ ಯೋಜಿತ ಆರ್ಥಿಕತೆಯನ್ನು ಕುರಿತು ಗ್ರಂಥವೊಂದನ್ನೂ, 1951ರಲ್ಲಿ ತಮ್ಮ ವೃತ್ತಿಜೀವನದ ನೆನಪುಗಳನ್ನೂ ಇಂಗ್ಲಿಷಿನಲ್ಲಿ ಪ್ರಕಟಿಸಿದರು. 1955ರಲ್ಲಿ ಭಾರತರತ್ನ ಪ್ರಶಸ್ತಿ ಅವರನ್ನು ಅರಸಿ ಬಂದಿತು. 1960ರಲ್ಲಿ ಅವರ ಜನ್ಮಶತಾಬ್ದಿಯಂದು ಭಾರತ ಸರ್ಕಾರವು ಅಂಚೆಚೀಟಿಯನ್ನು ಹೊರತಂದಿತು. ಆ ಗೌರವವನ್ನು ಅವರು ಕಣ್ಣಾರೆ ಕಂಡರು. 1962ರ ಏಪ್ರಿಲ್ 14ರಂದು ಬೆಂಗಳೂರಿನಲ್ಲಿ ಅವರ ಸಾರ್ಥಕ ಜೀವನವು ಮುಕ್ತಾಯಗೊಂಡಿತು. ಅವರ ಪಾರ್ಥಿವ ಶರೀರವು ಹುಟ್ಟೂರಾದ ಮುದ್ದೇನಹಳ್ಳಿಯ ಮಣ್ಣನ್ನು ಸೇರಿತು. ಅದೇ 1962ರಲ್ಲಿ ಮಂಡ್ಯದಲ್ಲಿ ಪಿ.ಇ.ಎಸ್. ಎಂಜಿನಿಯರಿಂಗ್ ಕಾಲೇಜು ಪ್ರಾರಂಭವಾಯಿತು. ನಾಲೆಯ ನೀರನ್ನು ಕುಡಿದು ಬೆಳೆದ ರೈತರ ಮಕ್ಕಳು ತಮ್ಮ ಊರಿನಲ್ಲಿಯೇ ಎಂಜಿನಿಯರುಗಳಾಗುವ ಕಾಲ ಬಂದಿತು. ಸೆಪ್ಟೆಂಬರ್ 15ನ್ನು ದೇಶವು ಎಂಜಿನಿಯರುಗಳ ದಿನವೆಂದು ಆಚರಿಸುತ್ತದೆ.

ಅವರು ಬಿಟ್ಟುಹೋದ ಆಸ್ತಿಯ ಜೊತೆಗೆ ಅದರ ನಿಬಂಧನೆಯೂ ಈ ಸೀಮೆಗೆ ಬಂದಿದೆ. ಕಾವೇರಿಯ ಹಗ್ಗವು ಇಂದಿಗೂ ಎರಡು ರಾಜ್ಯಗಳನ್ನು ಬಿಗಿದೇ ಇದೆ. 1990ರಲ್ಲಿ ನ್ಯಾಯಮಂಡಲಿ ರಚನೆಯಾಗಿ 2007ರಲ್ಲಿ ತೀರ್ಪನ್ನು ನೀಡಿತು. 2018ರ ಫೆಬ್ರವರಿ 16ರಂದು ಸರ್ವೋಚ್ಚ ನ್ಯಾಯಾಲಯವು, ಸಾಮಾನ್ಯ ಮಳೆಯ ವರ್ಷದಲ್ಲಿ ಬಿಳಿಗುಂಡ್ಲುವಿನ ಗಡಿಯಲ್ಲಿ 177.25 ಟಿ.ಎಂ.ಸಿ. ಅಡಿ ನೀರು ತಮಿಳುನಾಡಿಗೆ ಹರಿಯಬೇಕೆಂದು ನಿರ್ಣಯಿಸಿತು. 2023ರಂತಹ ಮಳೆಯ ಕೊರತೆಯ ವರ್ಷಗಳಲ್ಲಿ ಮಂಡ್ಯದ ರೈತರು ಬೀದಿಗಿಳಿದಾಗ, ಹಗ್ಗದ ಬಿಗಿತ ಎಷ್ಟೆಂಬುದು ಎಲ್ಲರಿಗೂ ಅರಿವಾಗುತ್ತದೆ. ಜಿಲ್ಲೆಯೊಳಗೂ ಬ್ಲಾಕ್ ಪದ್ಧತಿಯ ಶಿಸ್ತು ಕಾಲಾನುಕ್ರಮದಲ್ಲಿ ಸಡಿಲಿತು. ಭತ್ತ, ಕಬ್ಬುಗಳ ಮೋಹ ಬೆಳೆದು ನಾಲೆಯ ತಲೆಯವರಿಗೂ ಬಾಲದವರಿಗೂ ನಡುವಣ ಅಂತರ ಹಿಗ್ಗಿತು. ಅತಿಯಾಗಿ ನೀರುಂಡ ನೆಲ ಚೌಳಾದುದೂ ಉಂಟು. ಕನ್ನಂಬಾಡಿಯಲ್ಲಿ ಹಳೆಯ ಬಾಗಿಲುಗಳನ್ನು ತೆಗೆದು ಹೊಸವನ್ನು ಜೋಡಿಸುವ ಕಾಮಗಾರಿ ಇತ್ತೀಚಿನ ವರ್ಷಗಳಲ್ಲಿ ನಡೆದಿದೆ. ಕಬ್ಬಿಣ ತುಕ್ಕು ಹಿಡಿಯುತ್ತದೆ, ಬದಲಾಗುತ್ತದೆ. ಅದರ ಹಿಂದಿನ ತತ್ತ್ವಕ್ಕೆ ತುಕ್ಕಿಲ್ಲ.

ಶಾಲೆಯ ಕೊಠಡಿಯಲ್ಲಿ ಉಪಾಧ್ಯಾಯರು ರಾಟೆಯ ಮೇಲೆ ದಾರವನ್ನು ಹಾಯಿಸಿ, ಎರಡು ಬಟ್ಟುಗಳನ್ನು ತೂಗುಬಿಟ್ಟು ಮಕ್ಕಳಿಗೆ ಬಲದ ಪಾಠವನ್ನು ಹೇಳುವಾಗ, ಆ ಸಣ್ಣ ದಾರದಲ್ಲಿ ಕನ್ನಂಬಾಡಿಯ ಬಾಗಿಲೂ, ವಿ.ಸಿ. ನಾಲೆಯೂ, ಕೆಳಗಿನ ಗದ್ದೆಯೂ ತೂಗುತ್ತಿವೆಯೆಂಬುದನ್ನು ನೆನಪಿಸಿದರೆ ಪಾಠ ಪೂರ್ಣವಾದೀತು. ಬಿಗಿದು ಕಟ್ಟಿದ ಎರಡು ವಸ್ತುಗಳಲ್ಲಿ ಒಂದು ಮಾತ್ರ ಸುಖವಾಗಿರಲು ಸಾಧ್ಯವಿಲ್ಲ. ಇನ್ನೊಂದು ತುದಿಯಲ್ಲಿ ಇರುವವರ ಭಾರವನ್ನು ಅಳೆದು, ತಮ್ಮ ಭಾರವನ್ನು ಅದಕ್ಕೆ ಹೊಂದಿಸಿಕೊಂಡಾಗ ಮಹಾಪ್ರವಾಹದ ರಾತ್ರಿಯಲ್ಲಿಯೂ ಬಾಗಿಲು ತಾನಾಗಿಯೇ ತೆರೆಯುತ್ತದೆ. ಮುದ್ದೇನಹಳ್ಳಿಯ ಬಡ ವಿದ್ಯಾರ್ಥಿಯೊಬ್ಬನು ಈ ಸೀಮೆಗೆ ನೀರಿನೊಡನೆ ಬಿಟ್ಟುಹೋದ ಪಾಠವಿದು. ಆ ಪಾಠವನ್ನು ಕಲಿತು ಕಲಿಸುವುದೇ ಆ ಮಹನೀಯರ ಸ್ಮರಣೆಗೆ ಸಲ್ಲುವ ತಕ್ಕ ಗೌರವ.